ನೈಷ್ಕ್ರಾಮಿಕೀ ಧ್ರುವೆ: ಟೆಲಿವಿಷನ್ ನಾಟಕದ ಮುಕ್ತಾಯದಲ್ಲಿ ಸಂಗೀತದ ವ್ಯಾಪಾರ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಧ್ರುವಾಗಾನವನ್ನು ನಿರೂಪಿಸುವಾಗ ಅದನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಪಾತ್ರವು ರಂಗಕ್ಕೆ ಬರುವಾಗ ಹಾಡತಕ್ಕುದು ಪ್ರಾವೇಶಿಕೀ. ರಂಗವನ್ನು ಬಿಡುವಾಗ ಹಾಡತಕ್ಕುದು ನೈಷ್ಕ್ರಾಮಿಕೀ. ಆಕ್ಷೇಪಿಕೀ, ಪ್ರಾಸಾದಿಕೀ, ಆಂತರಾ ಎಂಬ ಉಳಿದ ಮೂರು ನಡುವಣ ಸಂದರ್ಭಗಳಿಗೆ ಸಂಬಂಧಪಟ್ಟವು. ಹಾಡಿನ ಮಾತಿನಲ್ಲಿ ಕಥೆಯ ಸಂಗತಿ ನೇರವಾಗಿ ಬರಲೇಬೇಕೆಂಬ ನಿಯಮವಿಲ್ಲ. ವಿರಹಿಯಾದ ರಾಜನ ಅವಸ್ಥೆಯನ್ನು ಹಿಂಡನ್ನಗಲಿದ ಆನೆಯ ನೆವದಿಂದಲೋ ಸಂಗಾತಿಯನ್ನು ಕಳೆದುಕೊಂಡ ಹಂಸದ ನೆವದಿಂದಲೋ ಸೂಚಿಸುವುದು ಈ ಗಾನದ ಪದ್ಧತಿ. ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ ಕಾಣಬರುವ ಪ್ರಾಕೃತ ಪದ್ಯಗಳನ್ನು ಬಲ್ಲವರಿಗೆ ಇದು ಹೊಸ ವಿಷಯವಲ್ಲ. ಆ ಪದ್ಯಗಳ ವಿಚಾರಕ್ಕೆ ಮುಂದೆ ಮತ್ತೊಮ್ಮೆ ಬರಬೇಕಾಗಿದೆ.

ನೈಷ್ಕ್ರಾಮಿಕೀ ಧ್ರುವೆಯು ಸಂಸ್ಕೃತ ರಂಗಭೂಮಿಯೊಡನೆಯೇ ಲುಪ್ತವಾಯಿತೆಂದು ತಿಳಿಯುವುದು ಸಹಜ. ಆದರೆ ಕಳೆದ ಕೆಲವು ದಶಕಗಳಲ್ಲಿ ಪಾಶ್ಚಾತ್ಯ ಟೆಲಿವಿಷನ್ ನಾಟಕವು, ಭರತನ ಹೆಸರನ್ನೂ ಕೇಳದೆ, ಅದನ್ನೇ ಹೋಲುವ ಒಂದು ಸಂಪ್ರದಾಯವನ್ನು ಬೆಳೆಸಿಕೊಂಡಿದೆ. ಐದಾರು ವರ್ಷಗಳ ಕಾಲ ವಾರವಾರವೂ ಮನೆಗೆ ಬಂದು ಹೋದ ಪಾತ್ರಗಳು ಕಡೆಯ ಸಲ ರಂಗವನ್ನು ಬಿಡುವಾಗ ಮಾತು ಹಿಂದೆ ಸರಿಯುತ್ತದೆ; ಹಾಡೊಂದು ಮುಂದೆ ಬಂದು ಅವರನ್ನು ಕಳುಹಿಸಿಕೊಡುತ್ತದೆ. ಇಂತಹ ಮುಕ್ತಾಯವನ್ನು ನೋಡಿ ಎದ್ದವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದಿರದು. ತನ್ನ ಕಣ್ಣಿನಲ್ಲಿ ನೀರು ತಂದುದು ನಾಟಕವೋ ಹಾಡೋ? ಹಾಡೇ ಎಂದಾದರೆ, ನಾಟಕಕಾರನು ತನ್ನ ಸಾಲವನ್ನು ಪರರ ಹಣದಿಂದ ತೀರಿಸಿದಂತಾಗಲಿಲ್ಲವೆ?

ಈ ಆಕ್ಷೇಪವನ್ನು ಲಘುವಾಗಿ ಕಾಣಲಾಗದು. ಗ್ರೀಕರ ಆಚಾರ್ಯನಾದ ಅರಿಸ್ಟಾಟಲನು ರುದ್ರನಾಟಕದ ಆರು ಅಂಗಗಳನ್ನು ಹೇಳಿ, ಗೀತವನ್ನು ಅಲಂಕಾರಗಳಲ್ಲೆಲ್ಲ ಹಿರಿಯದೆಂದು ಗಣಿಸಿದನಾದರೂ, ಕಥೆಯ ಬಿಡಿಕೆಯು ಕಥೆಯೊಳಗಿಂದಲೇ ಒದಗಬೇಕು, ಯಂತ್ರದಿಂದಿಳಿದು ಬರುವ ದೇವತೆಯಿಂದಲ್ಲ, ಎಂದು ಕಟ್ಟುನಿಟ್ಟಾಗಿ ಹೇಳಿದನು. ಮುಕ್ತಾಯದ ಹಾಡು ಆ ದೇವತೆಯ ಹೊಸ ಅವತಾರವಲ್ಲವೆಂದು ಹೇಗೆ ನಂಬುವುದು? ನಮ್ಮ ದಿನವಹಿ ಧಾರಾವಾಹಿಗಳಲ್ಲಿ ಸೊಸೆಯ ಕೈಯಿಂದ ಲೋಟ ಬಿದ್ದರೂ ಸಿಡಿಲೆರಗಿದಂತಹ ವಾದ್ಯಘೋಷ ಮೂರು ಸಲ ಮೊಳಗುತ್ತದೆ. ಮೂರು ಮುಖಗಳು ಮೂರು ಸಲ ತಿರುಗುತ್ತವೆ. ಭಾವವಿಲ್ಲದೆಡೆಯಲ್ಲಿ ಭಾವದ ಚೀಟಿಯನ್ನು ಅಂಟಿಸುವ ಈ ವ್ಯಾಪಾರವನ್ನು ಕಂಡವರು ಹಿನ್ನೆಲೆಯ ಸಂಗೀತವೆಲ್ಲವೂ ಲಂಚವೆಂದು ತೀರ್ಮಾನಿಸಿದರೆ ಅವರನ್ನು ದೂರುವಂತಿಲ್ಲ.

ಆದರೂ ಆ ತೀರ್ಮಾನ ಸರಿಯಲ್ಲವೆಂದು ನನ್ನ ಮತ. ಇದಕ್ಕೆ ಆಧಾರವು ಆನಂದವರ್ಧನನ ಗ್ರಂಥದಲ್ಲಿಯೇ ಇದೆ. ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಅವನು ವ್ಯಂಜಕತ್ವವು ವಾಚಕತ್ವಕ್ಕಿಂತ ಬೇರೆಯಾದ ವ್ಯಾಪಾರವೆಂದು ಸಾಧಿಸುವಾಗ, ಏನನ್ನೂ ಅಭಿಧಾನಮಾಡದ ಗೀತಾದಿಗಳ ಶಬ್ದದಿಂದಲೂ ರಸಾದಿಗಳ ಪ್ರತೀತಿ ಉಂಟಾಗುವುದನ್ನು ಪ್ರಮಾಣವಾಗಿ ಕೊಡುತ್ತಾನೆ. ಕನ್ನಡಿಗರಿಗೆ ಇದಕ್ಕೆ ಹತ್ತಿರದ ಉದಾಹರಣೆಯೊಂದುಂಟು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ೧೯೮೬ರಲ್ಲಿ ಪ್ರಸಾರಕ್ಕೆ ಬಂದಿತು. ಎಲ್. ವೈದ್ಯನಾಥನ್ ಅವರು ಅದಕ್ಕೆ ಕೂಡಿಸಿದ ರಾಗದಲ್ಲಿ ಒಂದಾದರೂ ಅರ್ಥವುಳ್ಳ ಪದವಿಲ್ಲ. ‘ತಾನನ’ ಎಂಬಂತಹ ಬರಿಯ ಅಕ್ಷರಗಳ ಗುನುಗು ಅದು. ಅದನ್ನು ಕೇಳಿದೊಡನೆ ಸಣ್ಣ ಊರಿನ ಮಧ್ಯಾಹ್ನ, ಶಾಲೆಯಿಂದ ಮನೆಗೆ ಬರುವ ದಾರಿ, ಇನ್ನೆಂದೂ ಹಿಂದಿರುಗದ ಬಾಲ್ಯ, ಇವೆಲ್ಲ ಮನಸ್ಸಿಗೆ ಬರುವುದಾದರೆ, ಅವನ್ನು ‘ಹೇಳಿದವರು’ ಯಾರು? ಹೇಳಿದವರಿಲ್ಲ, ಸೂಚಿಸಿದ ನಾದವಿದೆ. ಆದರೆ ಆ ಧಾರಾವಾಹಿಯನ್ನು ನೋಡದವನಿಗೆ ಅದೇ ಗುನುಗು ಹಿತವಾದ ಒಂದು ರಾಗವಷ್ಟೆ ಆಗಿ ತೋರುವುದು. ಈ ಎರಡನೆಯ ಮಾತೇ ನಮ್ಮ ವಿಚಾರಕ್ಕೆ ಮುಖ್ಯವಾದದ್ದು. ಗೀತವು ವ್ಯಂಜಕವೇ ಹೌದು. ಆದರೆ ಅದು ಏನನ್ನು ವ್ಯಂಜಿಸುತ್ತದೆಂಬುದು ಕೇಳುವವನಲ್ಲಿ ನಾಟಕವು ಮೊದಲೇ ಬಿತ್ತಿದ ವಾಸನೆಯನ್ನು ಅವಲಂಬಿಸಿದೆ. ಬಿತ್ತದ ನೆಲಕ್ಕೆ ಮಳೆ ಬಂದರೆ ಕೆಸರಾದೀತೇ ಹೊರತು ಪೈರು ಬಾರದು.

ಈ ಸೂತ್ರವನ್ನು ಪರೀಕ್ಷಿಸಲು ಅಮೆರಿಕದ ಎರಡು ನಾಟಕಗಳನ್ನು ತೆಗೆದುಕೊಂಡಿದ್ದೇನೆ. ಒಂದರಲ್ಲಿ ಮುಕ್ತಾಯದ ಹಾಡು ಪೂರ್ಣವಾಗಿ ಹರಿದು ನಿಲ್ಲುತ್ತದೆ. ಇನ್ನೊಂದರಲ್ಲಿ ಹಾಡನ್ನು ನಡುವೆಯೇ ಕಡಿದಿದೆ. ಎರಡೂ ಒಂದೇ ಪ್ರಸಾರಸಂಸ್ಥೆಯಾದ ಎಚ್‌ಬಿಒದಲ್ಲಿ ಎರಡು ವರ್ಷಗಳೊಳಗೆ ಮುಗಿದವು.

ಅಲನ್ ಬಾಲ್ ಅವರ ‘ಸಿಕ್ಸ್ ಫೀಟ್ ಅಂಡರ್’ ೨೦೦೧ರಿಂದ ೨೦೦೫ರವರೆಗೆ ೬೩ ಕಂತುಗಳಲ್ಲಿ ನಡೆಯಿತು. ಲಾಸ್ ಏಂಜಲೀಸಿನಲ್ಲಿ ಶವಸಂಸ್ಕಾರದ ವೃತ್ತಿಯನ್ನು ನಡೆಸುವ ಫಿಶರ್ ಕುಟುಂಬದ ಕಥೆಯದು. ಕಂತುಗಳು ಅಪರಿಚಿತನಾದ ಯಾವನೋ ಒಬ್ಬನ ಮರಣದಿಂದ ಆರಂಭವಾಗುವುದು ಅದರ ಕಟ್ಟಳೆ. ಮರಣವಾದೊಡನೆ ತೆರೆ ಬೆಳ್ಳಗಾಗಿ, ಸತ್ತವನ ಹೆಸರೂ ಹುಟ್ಟಿದ ಸತ್ತ ವರ್ಷಗಳೂ ಮೂಡುತ್ತವೆ. ಕೆಲವು ಮರಣಗಳು ಘೋರ, ಕೆಲವು ಹಾಸ್ಯಾಸ್ಪದ. ಐದು ವರ್ಷಗಳ ಕಾಲ ಪ್ರೇಕ್ಷಕನು ಈ ಬಿಳಿಯ ಫಲಕವನ್ನು ನೋಡುತ್ತ ನೋಡುತ್ತ, ಅದು ಪರರ ವಿಷಯವೆಂಬ ಭಾವನೆಯಲ್ಲಿ ನೆಮ್ಮದಿಯಾಗಿ ಕುಳಿತಿರುತ್ತಾನೆ. ೨೦೦೫ನೆಯ ಆಗಸ್ಟ್ ೨೧ರಂದು ಪ್ರಸಾರವಾದ ಕಡೆಯ ಕಂತು ಮಾತ್ರ ಮರಣದಿಂದಲ್ಲ, ಒಂದು ಶಿಶುವಿನ ಜನನದಿಂದ ಆರಂಭವಾಗುತ್ತದೆ.

ಆ ಕಂತಿನ ಅಂತ್ಯದಲ್ಲಿ ಮನೆಯ ಕಿರಿಯ ಮಗಳಾದ ಕ್ಲೇರ್ ನ್ಯೂಯಾರ್ಕಿಗೆ ಹೊರಡುತ್ತಾಳೆ. ಛಾಯಾಚಿತ್ರಕಾರಳಾಗಬೇಕೆಂಬುದು ಅವಳ ಹಂಬಲ. ಮನೆಯವರನ್ನು ನಿಲ್ಲಿಸಿ ಚಿತ್ರ ತೆಗೆಯುವಾಗ ತೀರಿಹೋದ ಅಣ್ಣ ನೇಟ್ ಅವಳ ಹಿಂದೆ ಕಾಣಿಸಿಕೊಂಡು, ನೀನು ಹಿಡಿಯಹೊರಟ ಈ ಕ್ಷಣ ಆಗಲೇ ಕಳೆದುಹೋಗಿದೆ ಎಂಬರ್ಥದ ಮಾತನ್ನಾಡುತ್ತಾನೆ. ಅವಳು ಕಾರನ್ನೇರಿ, ಸ್ನೇಹಿತನಾದ ಟೆಡ್ ಕೊಟ್ಟಿದ್ದ ಹಾಡುಗಳ ತಟ್ಟೆಯನ್ನು ಯಂತ್ರಕ್ಕೆ ತೂರಿಸುತ್ತಾಳೆ. ಸಿಯಾ ಎಂಬ ಆಸ್ಟ್ರೇಲಿಯದ ಗಾಯಕಿಯ ‘ಬ್ರೀದ್ ಮಿ’ ಎಂಬ ಹಾಡು ಕೇಳತೊಡಗುತ್ತದೆ. ಹಾಡು ಆಕಾಶದಿಂದಿಳಿಯಲಿಲ್ಲ, ಪಾತ್ರವೇ ಗುಂಡಿಯೊತ್ತಿ ಅದನ್ನು ಬರಮಾಡಿಕೊಂಡಿತು. ಸಂಗೀತದ ರುಚಿಯಲ್ಲಿ ಆ ಇಬ್ಬರಿಗೂ ಹೊಂದಿಕೆಯಿಲ್ಲವೆಂಬುದು ಹಿಂದೆಯೇ ತಿಳಿದ ವಿಷಯ. ಹೀಗಿರಲು ಆ ತಟ್ಟೆಯನ್ನು ಅವಳು ಹಾಕಿದುದು ಸ್ವತಃ ಒಂದು ಸಣ್ಣ ಅನುಭಾವ.

ದಾರಿ ಸಾಗಿದಂತೆ ಮುಂದಿನ ಕಾಲ ತೆರೆಯುತ್ತದೆ. ತಾಯಿ ರೂತ್ ೨೦೨೫ರಲ್ಲಿ, ಕೀತ್ ೨೦೨೯ರಲ್ಲಿ, ಡೇವಿಡ್ ೨೦೪೪ರಲ್ಲಿ, ಫೆಡೆರಿಕೋ ೨೦೪೯ರಲ್ಲಿ, ಬ್ರೆಂಡಾ ೨೦೫೧ರಲ್ಲಿ. ಒಬ್ಬೊಬ್ಬರ ಮರಣವೂ, ಅದರ ಹಿಂದೆ ಅದೇ ಬಿಳಿಯ ಫಲಕವೂ. ಕಡೆಯದಾಗಿ ೨೦೮೫ರಲ್ಲಿ, ನೂರು ದಾಟಿದ ಕ್ಲೇರ್, ಗೋಡೆಯ ತುಂಬ ತಾನೇ ತೆಗೆದ ಚಿತ್ರಗಳಿರುವ ಕೋಣೆಯಲ್ಲಿ. ಅವಳ ಮಂಜಾದ ಕಣ್ಣಿನಿಂದ ಚಿತ್ರವು ಹಿಂದಕ್ಕೆ ಸರಿದು ಕಾರನ್ನು ನಡೆಸುತ್ತಿರುವ ತರುಣಿಯ ಕಣ್ಣಿಗೆ ಬರುತ್ತದೆ, ದಾರಿ ಮುಂದುವರಿಯುತ್ತದೆ, ತೆರೆ ಬೆಳ್ಳಗಾಗುತ್ತದೆ.

ಈ ಹಾಡಿನ ಮಾತುಗಳಿಗೂ ಈ ಮರಣಗಳಿಗೂ ನೇರವಾದ ಸಂಬಂಧವಿಲ್ಲವೆಂಬುದನ್ನು ಗಮನಿಸಬೇಕು. ತನ್ನನ್ನು ತಾನೇ ನೋಯಿಸಿಕೊಂಡ ಒಬ್ಬಳು, ತಾನು ಅಲ್ಪಳೆಂದು ಹೇಳಿಕೊಂಡು, ಆಪ್ತನೊಬ್ಬನ ಆಸರೆಯನ್ನು ಬೇಡುವುದು ಹಾಡಿನ ವಾಚ್ಯಾರ್ಥ. ಮುಪ್ಪಿನ ಮಾತಿಲ್ಲ, ಸಾವಿನ ಮಾತಿಲ್ಲ, ಪಯಣದ ಮಾತಿಲ್ಲ. ಹಿಂಡನ್ನಗಲಿದ ಆನೆಯ ಹಾಡು ಪುರೂರವನಿಗೆ ಸಲ್ಲುವಂತೆ ಈ ಹಾಡು ಇಲ್ಲಿ ಸಲ್ಲುತ್ತದೆ. ಇದಕ್ಕಿಂತಲೂ ಮುಖ್ಯವಾದುದು ಹಾಡಿನ ಕಟ್ಟು. ಒಂಟಿ ಪಿಯಾನೋವಿನ ಕೆಲವೇ ಸ್ವರಗಳಿಂದ ಅದು ಮೊದಲಾಗುತ್ತದೆ. ಕಂಠವು ಉಸಿರು ಹಿಡಿದಂತೆ ತಗ್ಗಿನಲ್ಲಿ ಹಾಡುತ್ತದೆ. ತಂತಿವಾದ್ಯಗಳೂ ತಾಳವಾದ್ಯವೂ ಒಂದೊಂದಾಗಿ ಸೇರುತ್ತವೆ. ಕಡೆಗೆ ಕಂಠವೇ ನಿಂತುಹೋಗಿ ವಾದ್ಯಗಳು ಮಾತ್ರ ದೀರ್ಘವಾಗಿ ಏರುತ್ತ ಹೋಗುತ್ತವೆ. ಮಾತುಳ್ಳ ಸಂಗೀತವು ಮಾತಿಲ್ಲದ ಸಂಗೀತವಾಗಿ ಕರಗುವ ಈ ಕ್ರಮವನ್ನೇ ನಾಟಕವೂ ಅನುಸರಿಸಿದೆ: ಬೀಳ್ಕೊಡುಗೆಯ ಮಾತುಗಳು ಮೊದಲು, ಬಳಿಕ ಬಹುಮಟ್ಟಿಗೆ ಮೌನವಾದ ಚಿತ್ರಗಳು. ಆನಂದವರ್ಧನನು ಹೇಳಿದ ‘ಅವಾಚಕ’ವಾದ ಗೀತಶಬ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ಈ ಕಾಲದ ನಾಟಕದಲ್ಲಿ ನಾನು ಕಂಡಿಲ್ಲ.

ಶೋಕವು ಇಲ್ಲಿ ಸ್ಥಾಯಿಯಲ್ಲ. ಒಬ್ಬನ ಸಾವಿನಲ್ಲಿ ಮನಸ್ಸು ನಿಲ್ಲುವುದಕ್ಕೆ ಹಾಡು ಎಡೆಗೊಡುವುದಿಲ್ಲ. ಅಳು ಬರುವಷ್ಟರಲ್ಲಿ ಮುಂದಿನ ಫಲಕ ಬಂದಿರುತ್ತದೆ. ಶೋಕವನ್ನು ಸಂಚಾರಿಯ ಮಟ್ಟಕ್ಕೆ ಇಳಿಸಿ, ಅದರ ಮೇಲೆ ಶಮವನ್ನು ಕಟ್ಟಿದ್ದಾರೆ. ಮಹಾಭಾರತದಲ್ಲಿ ಯಾದವರಿಗೂ ಪಾಂಡವರಿಗೂ ಒದಗಿದ ವಿರಸವಾದ ಅವಸಾನವೇ ಆ ಗ್ರಂಥದ ಅಂಗಿರಸವು ಶಾಂತವೆಂದು ಸೂಚಿಸುತ್ತದೆಂಬ ಧ್ವನಿಕಾರನ ಮಾತು ಈ ಸಂದರ್ಭದಲ್ಲಿ ನೆನಪಾಗುತ್ತದೆ.

ಹಾಗಾದರೆ ಈ ಮುಕ್ತಾಯವು ನಿರ್ದುಷ್ಟವೆ? ಅಲ್ಲ. ಕೀತನ ಸಾವು ಉಳಿದವರ ಸಾವಿನಂತಹುದಲ್ಲ. ಹಣ ಸಾಗಿಸುವ ವಾಹನದ ಬಳಿ ದರೋಡೆಕೋರರ ಗುಂಡಿಗೆ ಅವನು ಬಲಿಯಾಗುತ್ತಾನೆ. ಹಾಸಿಗೆಯ ಮೇಲೆ ಮಕ್ಕಳ ನಡುವೆ ಕಣ್ಮುಚ್ಚಿದ ಮುದುಕಿಗೂ ಬೀದಿಯಲ್ಲಿ ಕೊಲೆಯಾದವನಿಗೂ ಒಂದೇ ಲಯ, ಒಂದೇ ಸ್ವರಸಂಚಾರ. ಜಗಳವಾಡಬೇಕಾದ ಒಂದು ಸಾವನ್ನು ಹಾಡು ಸಮಾಧಾನಪಡಿಸಿ ಸಾಲಿನಲ್ಲಿ ಕೂರಿಸಿಬಿಡುತ್ತದೆ. ಮುಪ್ಪಿನ ವೇಷಗಳೂ ಕೆಲವೆಡೆ ನಗು ತರಿಸುವಂತಿವೆ. ಸಂಗೀತವಿಲ್ಲದಿದ್ದರೆ ಅವನ್ನು ಪ್ರೇಕ್ಷಕನು ಮನ್ನಿಸುತ್ತಿರಲಿಲ್ಲ. ಲಂಚವೆಂಬ ಆಕ್ಷೇಪಕ್ಕೆ ಇಷ್ಟರಮಟ್ಟಿಗೆ ಎಡೆಯುಂಟೆಂದು ಒಪ್ಪಬೇಕು. ಆದರೂ ಒಟ್ಟಿನಲ್ಲಿ ನೋಡಿದರೆ, ಈ ಹಾಡು ವ್ಯಂಜಿಸಿದುದು ೬೨ ಕಂತುಗಳಲ್ಲಿ ಬಿಳಿಯ ಫಲಕವು ಬಿತ್ತಿದ ವಾಸನೆಯನ್ನೇ. ಅದೇ ದೃಶ್ಯವನ್ನು ಅದೇ ಹಾಡಿನೊಡನೆ, ಹಿಂದಿನದೇನನ್ನೂ ನೋಡದವರಿಗೆ ತೋರಿಸಿದರೆ, ಕಾರಿನಲ್ಲಿ ಹೋಗುತ್ತಿರುವ ಹುಡುಗಿಯೂ ಸಾಲುಗಟ್ಟಿ ಸಾಯುವ ಮುದುಕರೂ ಮಾತ್ರ ಕಂಡಾರು.

ಇನ್ನು ಎರಡನೆಯ ನಾಟಕ. ಡೇವಿಡ್ ಚೇಸ್ ಅವರ ‘ದಿ ಸೊಪ್ರಾನೋಸ್’ ೧೯೯೯ರಲ್ಲಿ ಮೊದಲಾಗಿ, ೮೬ ಕಂತುಗಳ ತರುವಾಯ, ೨೦೦೭ನೆಯ ಜೂನ್ ೧೦ರಂದು ಮುಗಿಯಿತು. ನ್ಯೂಜರ್ಸಿಯ ದುಷ್ಕರ್ಮಿಗಳ ನಾಯಕನಾದ ಟೋನಿ ಸೊಪ್ರಾನೋ ಇದರ ಕಥಾನಾಯಕ. ಈ ನಾಟಕಕ್ಕೆ ಹಿನ್ನೆಲೆಯ ಸಂಗೀತವೆಂದು ಬೇರೆಯಾಗಿ ರಚಿಸಿದ್ದಿಲ್ಲ. ಪ್ರಚಾರದಲ್ಲಿದ್ದ ಹಾಡುಗಳನ್ನೇ ಆಯ್ದು ಬಳಸುವುದು ಚೇಸ್ ಅವರ ಪದ್ಧತಿ. ಕಂತಿನ ಕೊನೆಯಲ್ಲಿ ನಟವರ್ಗದ ಹೆಸರುಗಳು ಸಾಗುವಾಗ ಒಂದು ಹಾಡು ಕೇಳಿಬರುವುದು ವಾಡಿಕೆಯಾಗಿತ್ತು. ಆ ದಿನದ ಕಥೆಗೆ ಕರ್ತನ ಟಿಪ್ಪಣಿಯೆಂಬಂತೆ ಅಭಿಮಾನಿಗಳು ಅದಕ್ಕೆ ಕಾದಿರುತ್ತಿದ್ದರು.

ಕಡೆಯ ದೃಶ್ಯದಲ್ಲಿ ಟೋನಿ ಸಾಧಾರಣವಾದ ಒಂದು ಉಪಾಹಾರಗೃಹಕ್ಕೆ ಬಂದು ಕೂರುತ್ತಾನೆ. ಮೇಜಿನ ಮೇಲಿನ ಹಾಡಿನ ಪೆಟ್ಟಿಗೆಯಲ್ಲಿ ಹೆಸರುಗಳನ್ನು ಮಗುಚಿ ನೋಡಿ ಒಂದನ್ನು ಆರಿಸುತ್ತಾನೆ: ಜರ್ನಿ ಎಂಬ ತಂಡದ, ೧೯೮೧ರ, ‘ಡೋಂಟ್ ಸ್ಟಾಪ್ ಬಿಲೀವಿನ್’. ಅಮೆರಿಕದ ಬೀದಿಬೀದಿಗಳಲ್ಲಿ ಸವೆದುಹೋದ ಹಾಡು. ಪಂಡಿತರು ಮೂಗು ಮುರಿಯುವಂತಹುದು. ಹೆಂಡತಿ ಬರುತ್ತಾಳೆ; ಮಗ ಬರುತ್ತಾನೆ; ಈರುಳ್ಳಿಯ ಬಳೆಗಳನ್ನು ಕರಿದು ತಂದಿಡುತ್ತಾರೆ. ಮಗಳು ಹೊರಗೆ ಕಾರನ್ನು ನಿಲ್ಲಿಸಲಾರದೆ ಮತ್ತೆ ಮತ್ತೆ ಹಿಂದೆ ಮುಂದೆ ಮಾಡುತ್ತಿದ್ದಾಳೆ. ಅಪರಿಚಿತನೊಬ್ಬನು ಇವರತ್ತ ನೋಡಿ ಶೌಚಗೃಹದ ಕಡೆಗೆ ನಡೆಯುತ್ತಾನೆ. ಬಾಗಿಲು ತೆರೆದಾಗಲೆಲ್ಲ ಗಂಟೆಯ ದನಿ. ಟೋನಿ ತಲೆಯೆತ್ತಿ ನೋಡುತ್ತಾನೆ. ಕಡೆಯ ಸಲ ಗಂಟೆಯಾಗುತ್ತದೆ, ಅವನು ತಲೆಯೆತ್ತುತ್ತಾನೆ, ಹಾಡು ‘ನಿಲ್ಲು’ ಎಂಬರ್ಥದ ಪದದ ಮೇಲಿದೆ. ಅಷ್ಟರಲ್ಲಿ ತೆರೆ ಕಪ್ಪಾಗುತ್ತದೆ, ದನಿ ಕಡಿದುಹೋಗುತ್ತದೆ. ಸುಮಾರು ಹತ್ತು ಸೆಕೆಂಡುಗಳ ಕಾಲ ಕತ್ತಲೆ, ನಿಶ್ಶಬ್ದ. ಬಳಿಕ ಹೆಸರುಗಳು, ಅವೂ ಮೌನವಾಗಿ. ತಮ್ಮ ಮನೆಯ ಯಂತ್ರವೇ ಕೆಟ್ಟಿತೆಂದು ಅನೇಕರು ಭ್ರಮಿಸಿದರೆಂಬುದು ಆಗಿನ ಪತ್ರಿಕೆಗಳಲ್ಲಿ ಪ್ರಸಿದ್ಧವಾದ ಸಂಗತಿ.

ಟೋನಿ ಸತ್ತನೋ ಬದುಕಿದನೋ ಎಂಬ ವಾದದಲ್ಲಿ ಬಹಳ ಕಾಗದ ವ್ಯಯವಾಗಿದೆ. ಅದು ನನಗೆ ಅಷ್ಟಾಗಿ ಮುಖ್ಯವೆಂದು ತೋರುವುದಿಲ್ಲ. ಹಾಡಿನ ಕಟ್ಟನ್ನು ನೋಡಿದರೆ ಹೆಚ್ಚು ಪ್ರಯೋಜನವುಂಟು. ಪ್ರಚಾರದ ಹಾಡುಗಳಲ್ಲಿ ಪಲ್ಲವಿಯು ಬೇಗನೆ ಬಂದು ಹಲವು ಸಲ ಮರಳುವುದು ರೂಢಿ. ಈ ಹಾಡಿನಲ್ಲಿಯಾದರೋ, ಹೆಸರಿಗೆ ಕಾರಣವಾದ ಪಲ್ಲವಿಯು ಹಾಡು ಬಹುಪಾಲು ಮುಗಿದ ಮೇಲೆಯೇ ಬರುತ್ತದೆ. ಅಲ್ಲಿಯವರೆಗೂ ಅದು ಏರುತ್ತ, ತಡೆಯುತ್ತ, ಮತ್ತೆ ಏರುತ್ತ ಕಿವಿಯನ್ನು ಕಾಯಿಸುತ್ತದೆ. ಮಗಳ ಕಾರು ಹಿಂದೆ ಮುಂದೆ ಹೋಗುವುದೂ, ಗಂಟೆಯ ದನಿಗೆ ತಲೆಯೆತ್ತಿದವನು ಮತ್ತೆ ತಗ್ಗಿಸುವುದೂ ಈ ಕಾಯಿಸುವಿಕೆಯೊಡನೆ ಹೆಣೆದುಕೊಂಡಿವೆ. ಮನೆಮಂದಿ ತಿಂಡಿಗೆ ಕೂಡುವುದರಲ್ಲಿ ಭಯಾನಕವಾದುದೇನೂ ಇಲ್ಲ. ಆದರೂ ಪ್ರೇಕ್ಷಕನ ಮೈ ಬಿಗಿಯುತ್ತದೆ. ಹಾಡಿನ ವಾಚ್ಯಾರ್ಥವು ಭರವಸೆ. ಅದರ ಗತಿಯು ವ್ಯಂಜಿಸುವುದು ಆತಂಕ. ಕಡೆಗೆ ಪಲ್ಲವಿ ಸಿಕ್ಕಿತೆಂದು ಕಿವಿಯು ಸಡಿಲವಾದ ಗಳಿಗೆಯಲ್ಲಿಯೇ ಅದನ್ನು ಕಸಿದುಕೊಂಡಿದ್ದಾರೆ.

ಇಲ್ಲೊಂದು ಶಂಕೆ ಬರಬಹುದು: ಹಾಡೇ ಇಲ್ಲದ ಆ ಹತ್ತು ಸೆಕೆಂಡುಗಳನ್ನು ಸಂಗೀತದ ವ್ಯಾಪಾರವೆನ್ನಬಹುದೆ? ಅನ್ನಲೇಬೇಕು. ಗಾಯಕನು ಸಮಕ್ಕೆ ಬರುವ ಮುನ್ನ ನಿಲ್ಲಿಸಿದರೆ ಸಭೆಯ ಕೈಗಳು ತಾವಾಗಿಯೇ ಆ ಪೆಟ್ಟನ್ನು ಹಾಕುವುದನ್ನು ಕಚೇರಿಗಳಲ್ಲಿ ಎಲ್ಲರೂ ಕಂಡಿದ್ದೇವೆ. ನಿಶ್ಶಬ್ದವು ಬರಿದಲ್ಲ, ಹಿಂದಿನ ನಾದವು ಕೇಳುಗನಲ್ಲಿ ಹುಟ್ಟಿಸಿದ ನಿರೀಕ್ಷೆಯ ಆಕಾರ ಅದಕ್ಕಿರುತ್ತದೆ. ‘ಸೊಪ್ರಾನೋಸ್’ ನಾಟಕವು ವರ್ಷಗಳ ಕಾಲ ಕೊನೆಯ ಹಾಡಿನ ವಾಡಿಕೆಯನ್ನು ಕಲಿಸಿ, ಕಡೆಯ ದಿನ ಅದನ್ನು ತಡೆಹಿಡಿದುದರಿಂದ, ಆ ಮೌನವು ಹಾಡಿಗಿಂತ ಹೆಚ್ಚು ಕೇಳಿಸಿತು. ನಿರ್ವಹಣ ಸಂಧಿಯಲ್ಲಿ ಅದ್ಭುತರಸವನ್ನು ತರಬೇಕೆಂದು ಭರತನು ವಿಧಿಸಿದ್ದಾನೆ. ಮಂಗಳಾಂತವಾದ ನಾಟಕವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತದು. ಇಲ್ಲಿ ಅದು ಅಮಂಗಳದ ಬಾಗಿಲಿನಿಂದ ಬಂದಿದೆ. ಮೊದಲನೆಯ ನಾಟಕದ ಹಾಡು ಪ್ರೇಕ್ಷಕನನ್ನು ಕೈಹಿಡಿದು ಹೊಸ್ತಿಲು ದಾಟಿಸಿತು. ಇದು ಹೊಸ್ತಿಲ ಮೇಲೆಯೇ ಬಿಟ್ಟು ದೀಪವಾರಿಸಿತು. ಎರಡರಲ್ಲಿ ಮೇಲು ಯಾವುದೆಂದು ಕೇಳಿದರೆ, ಹಿಂದೆ ನಾನು ಮೊದಲನೆಯದನ್ನು ಹೇಳುತ್ತಿದ್ದೆ. ಈಚೆಗೆ ಎರಡನೆಯದರ ಕಡೆಗೆ ಮನಸ್ಸು ವಾಲಿದೆ. ಕೀತನ ಸಾವನ್ನು ಸಮಾಧಾನಪಡಿಸಿದಂತೆ ಇದು ಯಾವುದನ್ನೂ ಸಮಾಧಾನಪಡಿಸುವುದಿಲ್ಲ.

ಹೊಸ ಹಾಡನ್ನೇ ತರದೆ, ಇದ್ದ ರಾಗದಿಂದಲೇ ಕೆಲಸ ಸಾಧಿಸಿದ ಇಂಗ್ಲಿಷರ ಉದಾಹರಣೆಯೊಂದನ್ನು ಸಂಕ್ಷೇಪವಾಗಿ ಸೇರಿಸುತ್ತೇನೆ. ‘ಬ್ಲ್ಯಾಕ್ಯಾಡರ್ ಗೋಸ್ ಫೋರ್ತ್’ ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ನಡೆಯುವ ಪ್ರಹಸನ. ಹೊವರ್ಡ್ ಗುಡಾಲ್ ಅವರ ರಾಗವು ಪ್ರತಿ ಕಂತಿನ ಆದಿಯಲ್ಲಿ ಸೇನಾವಾದ್ಯಗಳ ಮೇಳದಲ್ಲಿ ಮೊಳಗುತ್ತದೆ. ೧೯೮೯ನೆಯ ನವೆಂಬರ್ ೨ರ ಕಡೆಯ ಕಂತಿನಲ್ಲಿ, ನಗಿಸುತ್ತಿದ್ದವರೆಲ್ಲ ಕಂದಕದಿಂದ ಮೇಲೆದ್ದು ಗುಂಡುಗಳ ಎದುರಿಗೆ ಓಡುವಾಗ, ಅದೇ ರಾಗವು ಪಿಯಾನೋವಿನ ಮೇಲೆ, ಗುರುತು ಸಿಗದಷ್ಟು ನಿಧಾನವಾಗಿ ಕೇಳುತ್ತದೆ. ರಣಭೂಮಿಯು ಕೆಂಪು ಗಸಗಸೆ ಹೂವಿನ ಬಯಲಾಗುತ್ತದೆ, ಹಕ್ಕಿಗಳ ದನಿ, ಹೆಸರುಗಳ ಪಟ್ಟಿಯೂ ಇಲ್ಲ. ಆ ಓಟದ ಚಿತ್ರಣವು ಮೊದಲು ಸಪ್ಪೆಯಾಗಿದ್ದು, ಸಂಕಲನದಲ್ಲಿ ಗತಿಯನ್ನು ಇಳಿಸಿ ಹೀಗೆ ರೂಪಿಸಿದರೆಂಬುದು ತಿಳಿದ ವಿಷಯ. ನಗುವಿಗೆ ಮೀಸಲಾಗಿದ್ದ ರಾಗವೇ ಚೌಕಕಾಲದಲ್ಲಿ ಬಂದು ಅಳಿಸುವುದರಲ್ಲಿ ಪರರ ಹಣವೆಂಬ ಆಕ್ಷೇಪಕ್ಕೆ ಎಳ್ಳಷ್ಟೂ ಎಡೆಯಿಲ್ಲ.

ಮುಕ್ತಾಯದ ಹಾಡು ಹೀಗೆ ನಾಟಕದ ಶರೀರಕ್ಕೇ ಸೇರಿದುದಾದರೆ, ಅದನ್ನು ಗ್ರಂಥಪಾಠದಂತೆಯೇ ಕಾಪಾಡುವುದು ಕರ್ತವ್ಯವಾಗುತ್ತದೆ. ನಡೆಯುತ್ತಿರುವುದು ಇದಕ್ಕೆ ವಿರುದ್ಧ. ಈಗಿನ ಪ್ರಸಾರವ್ಯವಸ್ಥೆಗಳಲ್ಲಿ ಹೆಸರುಗಳು ಮೂಡತೊಡಗಿದೊಡನೆ ಚಿತ್ರವು ಮೂಲೆಗೆ ಕುಗ್ಗಿ, ಮುಂದೆ ನೋಡತಕ್ಕುದರ ಜಾಹೀರಾತು ತೆರೆಯನ್ನು ಆವರಿಸುವುದು ಸಾಮಾನ್ಯ. ಚೇಸ್ ಅವರು ಬೇಕೆಂದು ಬಿಟ್ಟ ಮೌನವು ಇಂತಹ ಯಂತ್ರಕ್ಕೆ ಖಾಲಿ ಜಾಗವಾಗಿ ಕಾಣುವುದು. ಇನ್ನೂ ಗುರುತರವಾದುದು ಹಾಡಿನ ಹಕ್ಕಿನ ಪ್ರಶ್ನೆ. ೧೯೯೦ರಿಂದ ೧೯೯೫ರವರೆಗೆ ನಡೆದ ‘ನಾರ್ದರ್ನ್ ಎಕ್ಸ್‌ಪೋಷರ್’ ಎಂಬ ನಾಟಕವನ್ನು ತಟ್ಟೆಗಳಲ್ಲಿ ಮಾರಾಟಕ್ಕೆ ತಂದಾಗ, ಹಕ್ಕಿನ ಹಣ ದುಬಾರಿಯಾದ ಕಾರಣ ಮೂಲದ ಅನೇಕ ಹಾಡುಗಳನ್ನು ಕಿತ್ತು, ಬೇರೆ ಸಂಗೀತವನ್ನು ತುಂಬಿದರು. ಮಾತು ಅದೇ, ನಟನೆ ಅದೇ, ಭಾವ ಬೇರೆ. ಒಂದೇ ಹೆಸರಿನ ಎರಡು ಪಾಠಗಳು ಈಗ ಲೋಕದಲ್ಲಿವೆ. ಯಾವ ಪಾಠವನ್ನು ನೋಡಿ ವಿಮರ್ಶೆ ಬರೆದರೆಂಬುದನ್ನು ಹೇಳುವ ವಿಮರ್ಶಕರು ವಿರಳ.

ವಿಕ್ರಮೋರ್ವಶೀಯಕ್ಕೂ ಇಂತಹುದೇ ಗತಿ ಒದಗಿದೆ. ಉತ್ತರದ ಪಾಠದಲ್ಲಿ ನಾಲ್ಕನೆಯ ಅಂಕದ ಪ್ರಾಕೃತ ಗೀತಗಳಿವೆ. ಕಾಟಯವೇಮನು ವ್ಯಾಖ್ಯಾನಿಸಿದ ದಕ್ಷಿಣದ ಪಾಠದಲ್ಲಿ ಅವಿಲ್ಲ. ಅವು ಕವಿಕೃತವೋ ರಂಗದವರು ಸೇರಿಸಿದುವೋ ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ದಕ್ಷಿಣದ ಪಾಠವನ್ನೇ ಓದಿ ಬೆಳೆದ ನಮಗೆ, ಪುರೂರವನು ಉನ್ಮತ್ತನಾಗಿ ಕಾಡಿನಲ್ಲಿ ಅಲೆಯುವಾಗ, ಅವನ ಮಾತಿನ ಹಿಂದೆ ಬೇರಾವ ದನಿಯೂ ಕೇಳಿಸುವುದಿಲ್ಲ.